ಸನ್ಮಾನ್ಯ ಬೆನ್ನಿನ ಸೂಜಿಯವರಿಗೊಂದು ಬಿನ್ನಹ

ಹೆರಿಗೆ ವಾರ್ಡಿನ ಎಪಿಡ್ಯೂರಲ್ ಸೂಜಿ ಸಾಹೇಬರ ಸನ್ನಿಧಾನಕ್ಕೆ,

ಬಾಣಂತಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಉಪಚಾರದ ಮಾತಲ್ಲ. ತಾವು ದಯಪಾಲಿಸಿದ ತಲೆನೋವಿನಿಂದ ಮಲಗಿಯೇ ಇದ್ದೇನೆ.

ಹೆರಿಗೆ ನೋವು ಇಳಿಸಿದ ತಮ್ಮ ಉಪಕಾರವನ್ನು ಮರೆಯುವವಳಲ್ಲ. ಒಳಗೆ ಕೊಳವೆ ತೂರಿಸಬೇಕಾದ್ದರಿಂದ ತಾವು ಮಿಲಿಮೀಟರಿಗೂ ಮಿಗಿಲಾದ ದಪ್ಪದವರು, ಬೆನ್ನುಹುರಿಯನ್ನು ಸುತ್ತಿದ ಡ್ಯೂರಾ ಪೊರೆಯ ಹೊರಗೇ ನಿಲ್ಲಬೇಕಾದವರು. ನೂರರಲ್ಲಿ ಸುಮಾರು ಒಬ್ಬಳ ಬಳಿ ಮಾತ್ರ ಹೊಸ್ತಿಲು ದಾಟುತ್ತೀರಂತೆ. ಆ ಒಬ್ಬಳಾಗಿ ನನ್ನನ್ನೇ ಆರಿಸಿಕೊಂಡ ಕೃಪೆಗೆ ಏನು ಹೇಳಲಿ! ತೂತಿನಿಂದ ಬೆನ್ನುಹುರಿಯ ದ್ರವ ಸೋರಿ, ಕೂಸಿಗೆ ಹಾಲೂಡಿಸಲು ಎದ್ದು ಕೂತರೆ ನೆತ್ತಿಯಿಂದ ಕತ್ತಿನವರೆಗೆ ಸಿಡಿತ, ಕಿವಿಯಲ್ಲಿ ಗುಂಯ್. ಮಲಗಿದರೆ ಮಾಯ. ಹಾಗಾಗಿ ನೋಡಲು ಬಂದವರೆಲ್ಲ "ಎಷ್ಟು ಆರಾಮಾಗಿ ಮಲಗಿದ್ದಾಳೆ, ಪುಣ್ಯವಂತೆ" ಎಂದು ಎದ್ದು ಹೋಗುತ್ತಾರೆ.

ತಮ್ಮ ಮನೆತನದ ಕೀರ್ತಿ ಇಂದಿನದಲ್ಲ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಡಾ. ಆಗಸ್ಟ್ ಬಿಯರ್ ಪ್ರಯೋಗಕ್ಕೆಂದು ತಮ್ಮ ಬೆನ್ನನ್ನೇ ಒಡ್ಡಿ, ಇದೇ ಪ್ರಸಾದ ಸ್ವೀಕರಿಸಿದರು. ವೈದ್ಯರು ಬರೆದಿಟ್ಟಿದ್ದರಿಂದ ಅದು ವಿಜ್ಞಾನವಾಯಿತು. ನಾನು ಹೇಳಿದರೆ "ನೆತ್ತಿಗೆ ಗಾಳಿ ಸೇರಿದೆ, ಬಟ್ಟೆ ಕಟ್ಟಿಕೋ" ಎನ್ನುತ್ತಾರೆ.

ತಮ್ಮ ಪರಿವಾರದ ಕಾಳಜಿಗೂ ಋಣಿ. "ದಿಂಬು ಬೇಡ, ತಲೆ ಎತ್ತಬೇಡ, ನೀರು ಕುಡಿ." ಮಲಗಿದರೆ ನೋವು ಅಡಗುತ್ತದೆ ನಿಜ, ಬರದಂತೆ ತಡೆಯುವುದಿಲ್ಲ, ಬಿಂದಿಗೆಗಟ್ಟಲೆ ನೀರೂ ಅಷ್ಟೇ. ಆದರೂ ನೋವು ಬಂದ ಕೂಡಲೇ "ನೀನು ತಲೆ ಎತ್ತಿದೆಯಲ್ಲ" ಎಂದು ತಪ್ಪನ್ನು ನನ್ನ ಮಡಿಲಿಗೆ ಹಾಕಿದರು. ಕೂಸಿನ ಪಕ್ಕ ಜಾಗವೂ ಇತ್ತು.

ಸಿಜೇರಿಯನ್‌ಗೆ ಬರುವ ತಮ್ಮ ದಾಯಾದಿ, ಪೆನ್ಸಿಲ್ ಮೊನೆಯ ಸಣ್ಣ ಸೂಜಿಯವರಿಗೆ ಪೊರೆ ದಾಟುವುದೇ ಉದ್ಯೋಗ. ಆದರೂ ತಲೆನೋವು ಹಂಚುವುದರಲ್ಲಿ ಬಲು ಜಿಪುಣರು. ಅಂಥವರಿರುವಾಗಲೂ ಅಗ್ಗವೆಂದು ಕತ್ತರಿಸುವ ಮೊನೆಯವರನ್ನೇ ತರಿಸುವ ಆಸ್ಪತ್ರೆಗಳ ಮಿತವ್ಯಯಕ್ಕೂ ಒಂದು ನಮಸ್ಕಾರ.

ಈಗ ನನ್ನ ತೋಳಿನಿಂದಲೇ ಸುಮಾರು 20 ಮಿಲಿ ರಕ್ತ ತೆಗೆದು, ಬೆನ್ನಿಗೆ ಹಾಕಿ ತೂತು ಮುಚ್ಚುತ್ತಾರಂತೆ. 'ಬ್ಲಡ್ ಪ್ಯಾಚ್' ಎನ್ನುತ್ತಾರೆ. ಅದನ್ನು ಹಾಕಲು ಯಾರು ಬರಬೇಕೆಂದು ವಿಚಾರಿಸಿದೆ. ತಾವೇ!

ಕೈಮುಗಿದು ಕೇಳುವುದಿಷ್ಟೇ: ಈ ಸಲ ಪಳಗಿದ ಕೈಯಲ್ಲಿ ಬನ್ನಿ, ಹೊರಗೇ ನಿಲ್ಲಿ. ತಪ್ಪಿ ದಾಟಿದರೆ ಆಗಲೇ ಬಾಯಿಬಿಟ್ಟು ಹೇಳಿ. ದಿಂಬಿನ ಮೇಲೆ ಹೊರಿಸಬೇಡಿ.

ಇಂತಿ,
ಮತ್ತೆ ಬೆನ್ನೊಡ್ಡಿ ಕೂರಲಿರುವ
ತಮ್ಮ ವಿಧೇಯ ಬಾಣಂತಿ