ಸ್ಟ್ಯಾಂಡಿಲ್ಲದ ಸೈಕಲ್ಲು

ಬಸವನಗುಡಿಯವರಿಗೂ ಮಲ್ಲೇಶ್ವರದವರಿಗೂ ನದಿಯ ವಿಚಾರದಲ್ಲಿ ಒಂದು ಹಳೆಯ ವ್ಯಾಜ್ಯವಿದೆ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದ ಬಳಿ ಎಂದು ಇವರು. ಅಲ್ಲ, ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಎಂದು ಅವರು. ನಾನು ಚಾಮರಾಜಪೇಟೆಯವನು. ನಮ್ಮ ಪೇಟೆ 1892ರದು. ಅವೆರಡೂ 1898ರ ಪ್ಲೇಗಿನ ಗಾಬರಿಯಲ್ಲಿ ಬೆಳೆದ ಬಡಾವಣೆಗಳು. ಹಾಗಾಗಿ ಹಿರಿಯರ ಮನೆಯ ಗತ್ತಿನಲ್ಲಿ ನಾನು ತೀರ್ಪು ಕೊಡುತ್ತಿರುತ್ತೇನೆ: ಎಲ್ಲೇ ಹುಟ್ಟಲಿ, ಹರಿಯುವುದಂತೂ ಮೈಸೂರು ರಸ್ತೆಯ ಪಕ್ಕದಲ್ಲೇ ತಾನೆ? ಭಾನುವಾರ ಕೋಳಿ ಕೂಗುವ ಹೊತ್ತಿಗೆ ನಮ್ಮ ಸೈಕಲ್ಲುಗಳೂ ಅದೇ ದಾರಿ ಹಿಡಿಯುತ್ತವೆ. ಚಾಮರಾಜಪೇಟೆಯಲ್ಲಿ ಕೋಳಿ ಎಲ್ಲಿ ಎಂದು ಕೇಳಬೇಡಿ, ಮೊಬೈಲಿನಲ್ಲಿದೆ.

ಮಕ್ಕಳಕೂಟದ ಹತ್ತಿರ ಸೇರುವ ನಮ್ಮ ತಂಡದಲ್ಲಿ ಮಲ್ಲೇಶ್ವರದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಬಸವನಗುಡಿಯ ಸಾಫ್ಟ್‌ವೇರ್ ಹುಡುಗ ಒಬ್ಬ, ಮತ್ತೆ ನಾನು. ಬೇರೆಯವರು ಬರುತ್ತಾರೆ, ಮದುವೆ ಮುಂಜಿ ಅಂತ ತಪ್ಪಿಸಿಕೊಳ್ಳುತ್ತಾರೆ. ಮ್ಯಾನೇಜರು ಹೊರಡುವ ಮುಂಚೆ ಟೈರಿನ ಗಾಳಿಯನ್ನು ಒತ್ತಿ ಒತ್ತಿ ನೋಡುವುದು ಸಾಲದ ಅರ್ಜಿಯನ್ನು ನೋಡಿದ ಹಾಗಿರುತ್ತದೆ. ಹುಡುಗನ ಹ್ಯಾಂಡಲ್ ಮೇಲೆ ದಾರಿ ತೋರಿಸುವ ಯಂತ್ರವಿದೆ. ಅದು ಕೆಂಗೇರಿವರೆಗೂ ಸುಮ್ಮನಿದ್ದು, ರಾಮೋಹಳ್ಳಿ ತಿರುವು ದಾಟಿದ ಮೇಲೆ ‘ಎಡಕ್ಕೆ ತಿರುಗಿ’ ಎನ್ನುತ್ತದೆ.

ಈ ಹುಚ್ಚು ನನಗೆ ಹತ್ತಿಸಿದವನು ಇಂಗ್ಲೆಂಡಿನಲ್ಲಿರುವ ತಂಗಿಯ ಮಗ. ಆಕ್ಸ್‌ಫರ್ಡ್ ಸೀಮೆಯ ಹಳ್ಳಿದಾರಿಗಳಲ್ಲಿ ಸೈಕಲ್ ತುಳಿದು ಫೋಟೊ ಕಳಿಸುತ್ತಾನೆ. ಎರಡೂ ಕಡೆ ಎದೆಯೆತ್ತರದ ಬೇಲಿಗಿಡ, ನಡುವೆ ಒಂದು ಗಾಡಿ ಹಿಡಿಸುವಷ್ಟು ದಾರಿ, ದೂರದಲ್ಲಿ ಕುರಿ, ಅದರಾಚೆ ಚರ್ಚಿನ ಗೋಪುರ. ಆ ದೇಶದ ಸೈಕಲ್ ಪ್ರವಾಸಿಗಳು 1878ರಲ್ಲೇ ಸಂಘ ಕಟ್ಟಿಕೊಂಡವರು. ಕುದುರೆ ಸವಾರರ ಕಾಲುದಾರಿಗಳಲ್ಲಿ ಸೈಕಲ್ ತುಳಿಯಲು 1968ರ ಕಾಯಿದೆ ಒಪ್ಪಿಗೆ ಕೊಟ್ಟಿದೆ. ಆದರೆ ಕುದುರೆಗೂ ನಡೆಯುವವರಿಗೂ ದಾರಿ ಬಿಡಬೇಕೆಂಬ ಷರತ್ತು. ಅಳಿಯ ಇದನ್ನು ಬಹಳ ಹೆಮ್ಮೆಯಿಂದ ಹೇಳಿದ. ನಮ್ಮ ಮಾಗಡಿ ಸೀಮೆಯಲ್ಲಿ ಎಮ್ಮೆಗೆ ದಾರಿ ಬಿಡಲು ಯಾವ ಪಾರ್ಲಿಮೆಂಟೂ ಕೂಡಬೇಕಾಗಿಲ್ಲ. ಎಮ್ಮೆಯೇ ಅಡ್ಡ ನಿಂತು ಷರತ್ತು ವಿಧಿಸುತ್ತದೆ.

ಅವನ ಫೋಟೊಗಳಲ್ಲಿ ಒಂದೇ ಕೊರತೆ: ಒಬ್ಬ ಮನುಷ್ಯನೂ ಕಾಣುವುದಿಲ್ಲ. “ಅದೇ ಚೆನ್ನ ಮಾಮ, ಎರಡು ಗಂಟೆ ಒಬ್ಬರೂ ಸಿಗಲ್ಲ” ಅಂದ. ಪಂಕ್ಚರ್ ಆದರೆ ಯಾರನ್ನು ಕೇಳುತ್ತೀಯೋ ಅಂದೆ. ತಾನೇ ಹಾಕಿಕೊಳ್ಳುತ್ತಾನಂತೆ. ಪಾಪ.

ಆದರೂ ಒಂದು ವಿಷಯದಲ್ಲಿ ಅವನ ಮೇಲೆ ಹೊಟ್ಟೆಕಿಚ್ಚಿದೆ. ಅಲ್ಲಿ 1955ರಿಂದ ದೊಡ್ಡ ಊರುಗಳ ಸುತ್ತ ಹಸಿರು ಪಟ್ಟಿ ಬಿಡುವ ಪದ್ಧತಿ ಇದೆ. ಹಲವು ಕಡೆ ಊರಿನ ಕೊನೆಯ ಮನೆ ದಾಟಿದರೆ ಮುಂದಿನದು ಗದ್ದೆಯೇ ಅಂತೆ. ನಮ್ಮಲ್ಲಿ ಕೊನೆಯ ಮನೆ ಯಾವುದು? ಕೆಂಪಾಂಬುಧಿ ಕೆರೆಯ ಹತ್ತಿರ ಕೆಂಪೇಗೌಡರ ಗೋಪುರವಿದೆ. ಊರು ಇಷ್ಟೇ ಎಂದು ನಾಲ್ಕು ದಿಕ್ಕಿಗೆ ನಿಂತ ಗೋಪುರಗಳಲ್ಲಿ ಅದೊಂದು. ಅದು ಈಗ ನಮಗೆ ಹೊರಡುವ ಜಾಗದ ಪಕ್ಕದ ಗುರುತು. ದೊಡ್ಡ ಬಸವಣ್ಣನಿರುವ ಜಾಗವೇ ಒಂದು ಕಾಲಕ್ಕೆ ಸುಂಕೇನಹಳ್ಳಿ. ಅಲ್ಲಿನ ರೈತರ ಕಡಲೆಕಾಯಿ ಈಗಲೂ ಕಾರ್ತಿಕದ ಕೊನೆಯ ಸೋಮವಾರ ಪರಿಷೆಗೆ ಬರುತ್ತದೆ, ಆದರೆ ಬೇರೆ ಜಿಲ್ಲೆಯಿಂದ ಲಾರಿಯಲ್ಲಿ. ಕೆಂಗೇರಿಯಲ್ಲಾದರೂ ಹಳ್ಳಿ ಶುರುವಾದೀತೆ ಎಂದರೆ ಅಲ್ಲಿ ಮೆಟ್ರೋ ಬಂದಿದೆ. ಕೆಂಗೇರಿವರೆಗೆ ಜೊತೆಗೆ ಬರುವುದು ವೃಷಭಾವತಿ ಮಾತ್ರ. ಮೂಗು ಮುಚ್ಚಿಕೊಂಡು ಸೈಕಲ್ ತುಳಿಯುವುದು ಹೇಗೆಂದು ಯೋಗಶಾಸ್ತ್ರದಲ್ಲೂ ಬರೆದಿಲ್ಲ.

ಗದ್ದೆ ಕಂಡೊಡನೆ ಹಳ್ಳಿ ಬಂತೆಂದು ಮ್ಯಾನೇಜರ್ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಆ ಗದ್ದೆಯಲ್ಲಿ ‘ಡಿಸಿ ಕನ್ವರ್ಟೆಡ್ ಸೈಟುಗಳು’ ಎಂಬ ಬೋರ್ಡ್ ನಿಂತಿರುತ್ತದೆ. ನನ್ನ ಲೆಕ್ಕ ಬೇರೆ: ಮೊದಲ ಸಲ ಯಾರಾದರೂ ತಡೆದು ‘ಯಾವೂರು?’ ಅಂತ ಕೇಳಿದರೋ, ಅಲ್ಲಿಂದ ಹಳ್ಳಿ ಶುರು. ನಗರದಲ್ಲಿ ಸೈಕಲ್ಲಿನವನನ್ನು ಕೇಳುವವರಿಲ್ಲ, ಹಾರ್ನ್ ಹೊಡೆಯುವವರಷ್ಟೇ. ದೊಡ್ಡ ಆಲದ ಮರದ ಆಸುಪಾಸಿಗೆ ಬಂದರೆ ಚಹಾದ ಗೂಡಂಗಡಿಯ ಮುಂದೆ ವಿಚಾರಣೆ ತಪ್ಪಿದ್ದಲ್ಲ.

“ಯಾವೂರು ಸಾಮಿ?”

“ಚಾಮರಾಜಪೇಟೆ.”

“ಅಲ್ಲಿಂದ ತುಳ್ಕೊಂಡು ಬಂದ್ರಾ! ಯಾಕೆ, ಬಸ್ ಸಿಗ್ಲಿಲ್ವಾ?”

ವ್ಯಾಯಾಮಕ್ಕೆ ಎಂದು ಹುಡುಗ ಹೇಳಿದ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಯಜಮಾನರು ನಕ್ಕು, “ಹಂಗಾದ್ರೆ ನಮ್ ಕಣಕ್ಕೆ ಬನ್ನಿ, ಮೂಟೆ ಎತ್ತಕ್ಕೆ ಆಳಿಲ್ಲ” ಅಂದರು. ಆಮೇಲೆ ಸೈಕಲ್ಲನ್ನು ಸುತ್ತು ಹಾಕಿ ನೋಡಿದರು. ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಚೈನಿಗೆ ಕವರಿಲ್ಲ. “ಎಲ್ಲಾ ಕಳ್ರು ಬಿಚ್ಕೊಂಡು ಹೋದ್ರಾ ಸಾಮಿ?”

ಬೆಲೆ ಕೇಳಿದಾಗ ನಾನು ಯಾವಾಗಲೂ ಒಂದು ಸೊನ್ನೆ ತೆಗೆದು ಹೇಳುತ್ತೇನೆ. ಮನೆಯಲ್ಲೂ ಅದೇ ಅಭ್ಯಾಸ. ಮ್ಯಾನೇಜರಿಗೆ ಮಾತ್ರ ಅಂಕಿಯಲ್ಲಿ ಸುಳ್ಳು ಹೇಳಿ ರೂಢಿಯಿಲ್ಲ. ತಮ್ಮ ಸೈಕಲ್ಲಿನ ನಿಜವಾದ ಬೆಲೆ ಹೇಳಿಬಿಟ್ಟರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಳ್ಳೇ ಸೀಮೆಹಸು ಬರ್ತಿತ್ತು” ಎಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. ಚಹಾದ ದುಡ್ಡು ಅವರೇ ಕೊಟ್ಟರು. ಇಷ್ಟು ಕಳೆದುಕೊಂಡವರ ಹತ್ತಿರ ಹೇಗೆ ತೆಗೆದುಕೊಳ್ಳುವುದು?

ಆಲದ ಮರದ ವಯಸ್ಸು ನಾನೂರು ವರ್ಷ ಎನ್ನುತ್ತಾರೆ. ಹರಡಿರುವುದು ಸುಮಾರು ಮೂರು ಎಕರೆ. ಮೂಲ ಕಾಂಡ ರೋಗ ಬಂದು ಎಂದೋ ಹೋಯಿತು. ಬಿಳಲುಗಳೇ ಕಾಂಡವಾಗಿ ಸಂಸಾರ ನಡೆಸುತ್ತಿವೆ. ಅಜ್ಜ ಹೋದ ಮೇಲೂ ಚಾಮರಾಜಪೇಟೆಯ ಕೆಲವು ವಠಾರಗಳು ನಡೆದದ್ದು ಹೀಗೆಯೇ. ಇಲ್ಲಿ ಬಾಳೆಹಣ್ಣು ಹೊರಗೆ ತೆಗೆಯಬಾರದು, ಕೋತಿಗಳಿಗೆ ಸೈಕಲ್ ಸವಾರರ ಬೆನ್ನಿನ ಜೇಬು ಎಲ್ಲಿದೆ ಅಂತ ಗೊತ್ತಾಗಿಬಿಟ್ಟಿದೆ.

ಇಲ್ಲಿಂದ ಮಂಚನಬೆಲೆಗೆ ಇಳಿಜಾರು. ಅರ್ಕಾವತಿಯ ಕಣಿವೆಗೆ ರಸ್ತೆ ಜಾರುತ್ತಾ ಹೋಗುತ್ತದೆ, ನಾವು ಮಹಾ ಸವಾರರೆಂಬ ಭ್ರಮೆ ಹುಟ್ಟುವುದು ಇಲ್ಲೇ. ಸುಗ್ಗಿಯ ಕಾಲದಲ್ಲಿ ಆ ಭ್ರಮೆಗೆ ಅಡ್ಡವಾಗಿ ರಾಗಿ ಹರಡಿರುತ್ತಾರೆ. ಕಣ ಮಾಡಿ, ಸಗಣಿ ಸಾರಿಸಿ, ಗುಂಡು ಹೊಡೆಸುವ ಕಷ್ಟವೇಕೆ, ಸರ್ಕಾರವೇ ಟಾರು ಹಾಕಿ ಕೊಟ್ಟಿರುವಾಗ? ಬಸ್ಸು, ಕಾರು, ಟ್ರ್ಯಾಕ್ಟರ್ ಓಡಿದಂತೆಲ್ಲ ಒಕ್ಕಣೆ. ರಾಗಿ ಹುಲ್ಲಿನ ಮೇಲೆ ಸಣ್ಣ ಟೈರು ಜಾರುತ್ತದೆ, ಅಷ್ಟೆ. ಹುರುಳಿ ಹಾಗಲ್ಲ. ಅದರ ಬಳ್ಳಿ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡು ಚೈನನ್ನು ಬಿಗಿಹಿಡಿದರೆ, ರಸ್ತೆ ಬದಿಯಲ್ಲಿ ಕೂತು ಕಡ್ಡಿ ಕಡ್ಡಿಯಾಗಿ ಬಿಡಿಸಬೇಕು. ಆಗ ಯಾರೋ ಅಜ್ಜಿ ಬಂದು ಬಿಡಿಸಿದ ಹುರುಳಿಯನ್ನೆಲ್ಲ ಒಂದು ಕಾಳೂ ಬಿಡದಂತೆ ಮೊರದಲ್ಲಿ ಕೇರಿಕೊಂಡು ಹೋಗುತ್ತಾಳೆ. “ನಿಮ್ ಸೈಕಲ್ಲು ಅಷ್ಟಾಗಿ ಒಕ್ಕಲ್ಲ, ತೂಕ ಸಾಲ್ದು” ಅಂತ ಒಬ್ಬಾಕೆ ಹೇಳಿದ್ದುಂಟು. ತೂಕ ಕಡಿಮೆಯಾಗಲೆಂದೇ ನಾವು ಹೆಚ್ಚು ದುಡ್ಡು ಕೊಟ್ಟದ್ದು ಎಂದು ಆಕೆಗೆ ಹೇಳುವ ಧೈರ್ಯ ಯಾರಿಗಿದೆ?

ಮುಂದೆ ಸಾವನದುರ್ಗ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂದೇ ಬಂಡೆ. ಬುಡದಲ್ಲಿ ವೀರಭದ್ರ, ನರಸಿಂಹ. ಇಂಗ್ಲೆಂಡಿನಿಂದಲೂ ಇಲ್ಲಿಗೆ ಜನ ಬಂದಿದ್ದಾರೆ, ವ್ಯಾಯಾಮಕ್ಕಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪುವಿನ ಈ ಕೋಟೆಯನ್ನು ಹಿಡಿಯಿತು. ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೈಸೂರು ಸೀಮೆಯ ಬೆಟ್ಟದುರ್ಗಗಳನ್ನು ಬರೆದು 1794ರಲ್ಲಿ ಪುಸ್ತಕ ಮಾಡಿದ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಡೇವಿಡ್ ಲೀನ್ ಗುಹೆಯ ದೃಶ್ಯಗಳನ್ನು ಈ ಬೆಟ್ಟದಲ್ಲಿ ತೆಗೆದರು. ನಾವು ಅವರ ಬೇಲಿಗಿಡದ ಫೋಟೊ ನೋಡಿ ನಿಟ್ಟುಸಿರು ಬಿಡುವ ಎಷ್ಟೋ ಮೊದಲೇ ಅವರು ನಮ್ಮ ಬಂಡೆ ನೋಡಿ ಬಣ್ಣ ಕಲಸಿದ್ದರು. ಈ ಮಾತನ್ನು ಅಳಿಯನಿಗೆ ಹೇಳಿದೆ. “ಫೋಟೊ ಕಳಿಸಿ ಮಾಮ” ಅಂದ. ಕಳಿಸಿದೆ. ಬಂಡೆಯ ಮುಂದೆ ಅಪರಿಚಿತರು ಐವರು ನಿಂತಿದ್ದರು, ನಡುವೆ ಒಂದು ನಾಯಿ.

ಮಾಗಡಿ ಇನ್ನೂ ಆಚೆ. 1638ರಲ್ಲಿ ಬಿಜಾಪುರದವರಿಗೆ ಬೆಂಗಳೂರು ಬಿಟ್ಟುಕೊಟ್ಟ ಕೆಂಪೇಗೌಡರ ವಂಶದವರು ಹೋಗಿ ನೆಲೆಸಿದ್ದು ಅಲ್ಲಿ. ಊರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಪತ್ತೆಯಾದದ್ದೂ ಮಾಗಡಿ ಬಳಿಯ ಕೆಂಪಾಪುರದಲ್ಲಿ, 2015ರಲ್ಲಿ. ಬೆಂಗಳೂರು ಕಟ್ಟಿದವರೇ ಕೊನೆಗೆ ಈ ಕಡೆಯ ಗಾಳಿ ಮೇಲು ಎಂದುಕೊಂಡಿರಬೇಕು ಅಂತ ಹುಡುಗನ ವಾದ. ನಮಗೆ ಮಾಗಡಿಯವರೆಗೆ ಹೋಗುವ ದಮ್ಮು ಚಳಿಗಾಲದಲ್ಲಿ ಮಾತ್ರ. ಉಳಿದ ದಿನ ಮಂಚನಬೆಲೆಯಿಂದಲೇ ವಾಪಸ್ಸು.

ವಾಪಸ್ಸು ಎಂದರೆ ಏರು. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ಬೆಂಗಳೂರಿನ ತಂಪನ್ನು ಹೊಗಳುವವರು ಆ ಎತ್ತರಕ್ಕೆ ಕೆಳಗಿನಿಂದ ಸೈಕಲ್ ತುಳಿದು ಬಂದವರಲ್ಲ. ಇಳಿಯುವಾಗ ತಿರುವೆಂದು ಕಂಡದ್ದು ಹತ್ತುವಾಗ ಗೋಡೆ. ಮಾತು ನಿಲ್ಲುತ್ತದೆ. ಮ್ಯಾನೇಜರು ಒಂದೊಂದೇ ಗೇರ್ ಇಳಿಸುತ್ತಾ ಕೊನೆಯದಕ್ಕೆ ಬಂದು, ಇನ್ನೂ ಒಂದು ಇದ್ದೀತೇನೋ ಎಂದು ಲಿವರ್ ಒತ್ತಿ ನೋಡುತ್ತಾರೆ.

ಆ ಏರಿನಲ್ಲೇ ಹಿಂದಿನಿಂದ ಕ್ಯಾನಿನ ಸದ್ದು ಕೇಳಿತು. ಹೈಸ್ಕೂಲಿನ ಹುಡುಗ, ಡೇರಿಗೆ ಹಾಲು ಹಾಕಲು ಹೊರಟವನು. ಕೂತಿದ್ದು ಹೆಣ್ಣುಮಕ್ಕಳ ಸೈಕಲ್ಲಿನ ಮೇಲೆ. 2006-07ರಿಂದ ಎಂಟನೇ ತರಗತಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲು ಅದು, ಅಕ್ಕನದಿರಬೇಕು. ಕ್ಯಾರಿಯರಿಗೆ ಟ್ಯೂಬಿನಿಂದ ಕ್ಯಾನು ಬಿಗಿದಿತ್ತು, ಕಾಲಲ್ಲಿ ಹವಾಯಿ ಚಪ್ಪಲಿ. ಎದ್ದು ನಿಂತು ತುಳಿಯುತ್ತಾ ಮೂವರನ್ನೂ ದಾಟಿ, ತಿರುಗಿ ನೋಡಿದ.

“ಅಂಕಲ್, ಗೇರ್ ಐತಾ?”

“ಇಪ್ಪತ್ತೆರಡು ಐತೆ” ಎಂದರು ಮ್ಯಾನೇಜರು, ಉಸಿರು ಸಿಕ್ಕಷ್ಟರಲ್ಲಿ.

“ಮತ್ತೆ ಹಾಕಿ ಅಂಕಲ್!” ಎಂದವನೇ ಡೇರಿ ಬಾಗಿಲು ಹಾಕಿಬಿಡುತ್ತದೆಂದು ಹೊರಟೇಹೋದ.