ಬಾಯ್ಲರ್ ಸೋರಿದರೆ ಗುಡ್ಡ ನೋಡಿ

ಬಚ್ಚಲುಮನೆಯ ಗೀಸರ್ ತೊಟ್ಟಿಕ್ಕತೊಡಗಿದರೆ ಮಲೆನಾಡಿನವರು ಮೊದಲು ಬೈಯುವುದು ಅದನ್ನು ಮಾಡಿದ ಕಂಪನಿಯನ್ನು, ಆಮೇಲೆ ಕೂರಿಸಿದ ಪ್ಲಂಬರನ್ನು. ಮನೆಯ ಹಿಂದಿನ ಗುಡ್ಡವನ್ನು ಯಾರೂ ಬೈಯುವುದಿಲ್ಲ. ವನಗೂರು, ಹೆತ್ತೂರು, ಬಿಸಿಲೆ ಸುತ್ತಿನಲ್ಲಿ ಮೊದಲನೇ ಆರೋಪಿಯಾಗಿ ನಿಲ್ಲಿಸಬೇಕಾದ್ದು ಆ ಗುಡ್ಡವನ್ನೇ ಎಂಬುದು ನನ್ನ ವಾದ. ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿಗೆ ಮೋಟರ್ ಬೇಡ, ಕರೆಂಟಿನ ಹಂಗಿಲ್ಲ. ಆದರೆ ಅದು ಬರಿಗೈಲಿ ಇಳಿಯುವುದಿಲ್ಲ. ಪ್ರತಿ 10 ಮೀಟರ್ ಇಳಿತಕ್ಕೂ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡವನ್ನು ಹೊತ್ತು ತರುತ್ತದೆ. ಒರತೆ 80 ಮೀಟರ್ ಮೇಲಿದ್ದರೆ 8 ಕಿಲೋ. ಪೇಟೆಯ ಒಂದಂತಸ್ತಿನ ಮನೆಯ ತಾರಸಿ ಟ್ಯಾಂಕಿನಿಂದ ಅರ್ಧ ಕಿಲೋ ಬಂದರೆ ಹೆಚ್ಚು. ಕಾಫಿ ಬೆಳೆಗಾರರಿಗೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಜೆಟ್ಟಿಗೆ ಎಷ್ಟು ಕಿಲೋ ಫೋರ್ಸ್ ಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲವರು, ಟವೆಲ್ ಹೆಗಲಿಗೆ ಬಿದ್ದೊಡನೆ ಅದನ್ನೆಲ್ಲ ಮರೆಯುತ್ತಾರೆ.

ಪಕ್ಕದ ಮನೆಗೂ ಅದೇ ಒರತೆಯ ನೀರು, ಅಲ್ಲೇಕೆ ಸೋರುವುದಿಲ್ಲ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಪಕ್ಕದ ಮನೆಯೆಂದರೆ ಒಂದೋ ಮೇಲಿನ ಮನೆ, ಇಲ್ಲವೇ ಕೆಳಗಿನ ಮನೆ. 20 ಮೀಟರ್ ಏರಿದರೆ 2 ಕಿಲೋ ಕಡಿಮೆ. ಹಗಲೆಲ್ಲ ಸುಮ್ಮನಿದ್ದು ರಾತ್ರಿ ಮಾತ್ರ ಸೋರುತ್ತದಲ್ಲ, ರಾತ್ರಿ ಹೊತ್ತು ಗುಡ್ಡ ಬೆಳೆಯುತ್ತದೆಯೇ ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಹಗಲು ಒಂದಲ್ಲ ಒಂದು ನಲ್ಲಿ ಓಡುತ್ತಿರುತ್ತದೆ; ಹರಿಯುವ ನೀರು ಪೈಪಿಗೆ ಉಜ್ಜಿಕೊಂಡು ಅಷ್ಟಿಷ್ಟು ಫೋರ್ಸ್ ಕಳೆದುಕೊಳ್ಳುತ್ತದೆ. ರಾತ್ರಿ ಎಲ್ಲ ನಲ್ಲಿಗಳೂ ಬಂದ್. ಆಗ ಒರತೆಯಿಂದ ಬಚ್ಚಲಿನವರೆಗಿನ ಎತ್ತರವಷ್ಟೂ ಬಂದು ಗೀಸರಿನ ಮೇಲೆ ಕೂರುತ್ತದೆ.

ಹಾಗೆಂದು ಪ್ರತಿ ಹನಿಗೂ ಗುಡ್ಡವೇ ಹೊಣೆಯಲ್ಲ. ಸ್ವಿಚ್ ಹಾಕಿದಾಗ ಮಾತ್ರ ಸೇಫ್ಟಿ ವಾಲ್ವಿನಿಂದ ನೀರು ಬಿದ್ದರೆ ಅದು ಸೋರಿಕೆಯೇ ಅಲ್ಲ. 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದು ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಅದು ಒಂದು ದೊಡ್ಡ ಲೋಟದ ಸಮ. ಹಿಂದಕ್ಕೆ ಹೋಗೋಣವೆಂದರೆ ಒಳಬರುವ ಪೈಪಿನಲ್ಲಿ ನಾನ್-ರಿಟರ್ನ್ ವಾಲ್ವ್ ಕಾವಲಿರುತ್ತದೆ. ಆ ಲೋಟದ ನೀರಿಗೆ ಉಳಿದ ದಾರಿ ಸೇಫ್ಟಿ ವಾಲ್ವ್ ಒಂದೇ. ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆ ಬೇಯಿಸುವ ಪಾತ್ರೆಯನ್ನು ತೋರಿಸಿದವನು. ಅದು ಸಿಡಿಯದಿರಲೆಂದು ಇಂಥದೊಂದು ವಾಲ್ವನ್ನೂ ಕಟ್ಟಿಕೊಟ್ಟ. ಮುನ್ನೂರು ಚಿಲ್ಲರೆ ವರ್ಷ ಉಳಿದು ಬಂದ ಆ ವಿದ್ಯೆಯನ್ನು ನಮ್ಮವರು ಒಂದು ಚಿಟಿಕೆ ಎಂ-ಸೀಲ್ ಮೆತ್ತಿ ಮುಗಿಸುತ್ತಾರೆ. ಥರ್ಮೋಸ್ಟಾಟ್ ಕೂಡ ಕೈಕೊಟ್ಟ ದಿನ ಆ ಗೀಸರ್ ಬಾಂಬೇ ಸರಿ. ನೀರು ತಣ್ಣಗಾಗಿ, ಒಳಬರುವ ನಲ್ಲಿ ಮುಚ್ಚಿದ ಮೇಲೂ ವಾಲ್ವ್ ಜಿನುಗುತ್ತಿದ್ದರೆ ಮಳೆಗಾಲದ ಕೆಮ್ಮಣ್ಣಿನ ಕಣವೊಂದು ಒಳಗೆ ಕಚ್ಚಿಕೊಂಡಿರಬಹುದು. ಪಿನ್ನು ಎತ್ತಿ ಒಮ್ಮೆ ನೀರು ಹಾಯಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ತಳದ ಮುಚ್ಚಳದ ಸುತ್ತ ಒದ್ದೆಯಿದ್ದರೆ ವಾಷರ್ ಬದಲಿಸಬೇಕು. ತುಕ್ಕಿನ ಬಣ್ಣ ಇಳಿದಿದ್ದರೆ ಹೊಸ ಗೀಸರಿಗೆ ದುಡ್ಡು ಹೊಂದಿಸಬೇಕು.

ಇದೆಲ್ಲ ರಗಳೆಯೇ ಬೇಡ, ಹಂಡೆಯೇ ವಾಸಿ ಎಂಬ ಹಿರಿಯರ ತೀರ್ಪು ತಳ್ಳಿಹಾಕುವಂಥದ್ದಲ್ಲ. ಬಾಯಿ ತೆರೆದ ಹಂಡೆಗೆ ಒತ್ತಡವೆಂಬುದೇ ಇಲ್ಲ, ಹಿಗ್ಗಿದ ನೀರು ಹಾಯಾಗಿ ಮೇಲೇರುತ್ತದೆ. ನೀರು ತುಂಬುವ ಹಬ್ಬದ ದಿನ ಪೂಜೆ ಹಂಡೆಗೇ ಹೊರತು ಗೀಸರಿಗಲ್ಲ ಎಂಬುದೂ ಅದರ ಪರವಾದ ಸಾಕ್ಷಿ. ಆದರೆ ಸೌದೆ ಉರಿಯ ತಾಮ್ರದ ಬಾಯ್ಲರಿಗೆ ಅದರದೇ ರೋಗವಿದೆ. ನೀರಿರುವಷ್ಟು ಹೊತ್ತು ಬೆಸುಗೆ ನೂರು ಡಿಗ್ರಿ ದಾಟದು. ನೀರಿಲ್ಲದೆ ಸಿಲ್ವರ್ ಓಕ್ ಸೌದೆ ಉರಿಸಿದರೆ 183 ಡಿಗ್ರಿಗೆಲ್ಲ ತವರ-ಸೀಸದ ಬೆಸುಗೆ ಕರಗಿ ಒಲೆಗೇ ಬೀಳುತ್ತದೆ.

ಆದ್ದರಿಂದ ಹಂಡೆಯ ಗುಣವನ್ನು ಗೀಸರಿಗೆ ಕಸಿಮಾಡುವುದು ಮೇಲು. ಒರತೆಯ ಪೈಪನ್ನು ನೇರ ಗೀಸರಿಗೆ ಕೊಡದೆ, ಮಾಡಿನ ಮೇಲೊಂದು ಸಣ್ಣ ಟ್ಯಾಂಕಿಟ್ಟು, ಬಾಲ್ ಕಾಕ್ ಹಾಕಿ ಅದಕ್ಕೆ ಬೀಳಿಸಬೇಕು. ನೀರು ಅಲ್ಲಿ ಗಾಳಿ ಕಂಡೊಡನೆ ಗುಡ್ಡದ ಒತ್ತಡವೆಲ್ಲ ಇಳಿದುಹೋಗಿ, ಗೀಸರಿನ ಪಾಲಿಗೆ ಮಾಡಿನ ಎತ್ತರವಷ್ಟೇ ಉಳಿಯುತ್ತದೆ. ಶವರಿನ ರಭಸ ಹೋಯಿತೆಂದು ಮನೆಮಂದಿ ಗೊಣಗುವುದು ಖಂಡಿತ. ರಭಸವೇ ಬೇಕೆನ್ನುವವರಿಗೆ ಜೂನ್ ಹಿಡಿದ ಮೇಲೆ ಅಂಗಳವಿದ್ದೇ ಇದೆ.