ವಿತ್ ಅಲ್ಲ ರೀ, ಟು!

ಮದುವೆಯ ಕರೆಯೋಲೆ ಕೈಗೆ ಬಂದರೆ ಜನ ಮುಹೂರ್ತ ನೋಡುತ್ತಾರೆ, ಛತ್ರ ಎಲ್ಲಿ ಎಂದು ನೋಡುತ್ತಾರೆ, ಊಟ ಮಧ್ಯಾಹ್ನವೋ ರಾತ್ರಿಯೋ ಎಂದು ಲೆಕ್ಕ ಹಾಕುತ್ತಾರೆ. ಹನುಮಂತನಗರದ ಮೇಷ್ಟ್ರು ಹಾಗಲ್ಲ. ಕಾರ್ಡು ಇಂಗ್ಲಿಷಿನಲ್ಲಿದ್ದರೆ ಅವರ ಕಣ್ಣು ನೇರವಾಗಿ ವಧುವಿನ ಹೆಸರು ಮುಗಿದು ವರನ ಹೆಸರು ಶುರುವಾಗುವ ಸಂದಿಗೆ ಹೋಗುತ್ತದೆ. ಅಲ್ಲಿ ‘ಮ್ಯಾರೀಡ್ ವಿತ್’ ಎಂದಿದ್ದರೆ ಜೇಬಿನಿಂದ ಕೆಂಪು ಪೆನ್ನು ಹೊರಬರುತ್ತದೆ. ಕರೆಯಲು ಬಂದವರು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕಾರ್ಡು ತಿದ್ದಿ ವಾಪಸ್ಸು ಕೊಟ್ಟಿರುತ್ತಾರೆ.

ಪ್ರತಿ ಬಡಾವಣೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಇಲ್ಲವೇ ಕಚೇರಿಯಲ್ಲಿ ಕೆಳಗಿನವರ ಡ್ರಾಫ್ಟ್ ತಿದ್ದಿ ತಿದ್ದಿ ಹೆಡ್‌ಕ್ಲರ್ಕಾಗಿ ಹೊರಬಂದವರು. ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ. ತಿದ್ದಲು ಕಾಪಿ ಬರುವುದಿಲ್ಲ. ಹಾಗಾಗಿ ಊರನ್ನೇ ಕಾಪಿ ಮಾಡಿಕೊಂಡಿರುತ್ತಾರೆ. ನೋಟಿಸ್ ಬೋರ್ಡಿನಲ್ಲಿ ‘ಡಿಸ್ಕಸ್ ಅಬೌಟ್’ ಕಂಡರೆ ‘ಅಬೌಟ್’ಗೆ ಅಡ್ಡಗೀಟು. ಅರ್ಜಿಯಲ್ಲಿ ‘ಸಿನ್ಸ್ ಟೂ ಇಯರ್ಸ್’ ಇದ್ದರೆ ‘ಸಿನ್ಸ್’ ಹೋಗಿ ‘ಫಾರ್’. ನಮ್ಮ ಮೇಷ್ಟ್ರು ಒಮ್ಮೆ ಸಾವಿನ ಮನೆಗೆ ಮಾತನಾಡಿಸಲು ಹೋದವರು, ಅಲ್ಲಿದ್ದ ಪತ್ರಿಕೆಯ ಶ್ರದ್ಧಾಂಜಲಿ ನೋಡಿ, ‘ಡೈಡ್ ವಿತ್ ಹಾರ್ಟ್ ಅಟ್ಯಾಕ್ ಅನ್ನಬಾರದು, ಡೈಡ್ ಆಫ್’ ಎಂದುಬಿಟ್ಟರು. ಕಾಯಿಲೆಯಾದರೆ ‘ಆಫ್’, ಗಾಯವಾದರೆ ‘ಫ್ರಮ್’, ಕತ್ತಿಯಾದರೆ ‘ಬೈ’. ಕನ್ನಡಿಗ ಇಷ್ಟೆಲ್ಲ ಯೋಚಿಸಿ ಸಾಯಬೇಕಿಲ್ಲ. ಅವನಿಗೆ ಮೂರಕ್ಕೂ ‘ಇಂದ’ ಒಂದೇ ಸಾಕು.

ಇವರ ವೇದ ಕೆಂಪು ರಟ್ಟಿನ ‘ರೆನ್ ಅಂಡ್ ಮಾರ್ಟಿನ್’. 1930ರ ದಶಕದಲ್ಲಿ ಹೊರಬಂದ ಆ ವ್ಯಾಕರಣ ಇಂದಿಗೂ ಅಚ್ಚಾಗುತ್ತಿದೆ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಪಿ.ಸಿ. ರೆನ್, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನು. ಮರಳುಗಾಡು, ಕೋಟೆ, ಬಂದೂಕು ಎಲ್ಲ ಇರುವ ಕಥೆ. ಮೇಷ್ಟ್ರಿಗೆ ಇದನ್ನು ಹೇಳಿದರೆ ಇಷ್ಟವಾಗುವುದಿಲ್ಲ. ರೆನ್ ಎಂದರೆ ಅವರಿಗೆ ವ್ಯಾಕರಣ ಮಾತ್ರ. ಆತ ಕಥೆ ಬರೆದ ಎನ್ನುವುದು ಪಾಣಿನಿ ಪತ್ತೇದಾರಿ ಕಾದಂಬರಿ ಬರೆದ ಎಂದಂತೆ.

ಈ ಜಾತಿಗೆ ದೊಡ್ಡ ವಂಶಾವಳಿಯೇ ಇದೆ. ಇಂಗ್ಲೆಂಡಿನ ಕವಿ ಡ್ರೈಡನ್ 1672ರಲ್ಲಿ, ತನಗಿಂತ ಮೊದಲಿನ ಬೆನ್ ಜಾನ್ಸನ್ ವಾಕ್ಯದ ತುದಿಯಲ್ಲಿ ಪ್ರಿಪೊಸಿಷನ್ ಇಟ್ಟಿದ್ದಾನೆ ಎಂದು ತಪ್ಪು ಹಿಡಿದ. ಆಮೇಲೆ ತನ್ನದೇ ಹಳೆಯ ಪ್ರಬಂಧವನ್ನು ಮರುಮುದ್ರಣಕ್ಕೆಂದು ತೆಗೆದರೆ ಅಲ್ಲೂ ಅದೇ ತಪ್ಪು! ಕೂತು ಒಂದೊಂದನ್ನೇ ತಿದ್ದಿದ. ತಿದ್ದುವ ಚಟ ಹಿಡಿದವನು ಕೊನೆಗೆ ತನ್ನನ್ನೂ ಬಿಡುವುದಿಲ್ಲ.

ಇಷ್ಟು ಹೇಳಿ, ಮೇಷ್ಟ್ರು ಒಳ್ಳೆಯ ಮೇಷ್ಟ್ರು ಎನ್ನದಿದ್ದರೆ ಪಾಪ ಬರುತ್ತದೆ. ತಪ್ಪು ಎಂದಷ್ಟೇ ಹೇಳಿ ಸುಮ್ಮನಾಗುವವರಲ್ಲ. ತಪ್ಪು ಎಲ್ಲಿಂದ ಹುಟ್ಟಿತು ಎಂದೂ ತೋರಿಸುತ್ತಾರೆ. ‘ಅವನಿಗೆ ನನ್ನ ಮೇಲೆ ಕೋಪ’ ಎನ್ನುವ ನಾವು ಇಂಗ್ಲಿಷಿನಲ್ಲಿ ‘ಆಂಗ್ರಿ ಆನ್ ಮೀ’ ಎನ್ನುತ್ತೇವೆ. ‘ಕೋಪ ಏನು ತಲೆ ಮೇಲೆ ಹೊರೋ ಬುಟ್ಟಿಯೇನ್ರೀ? ವಿತ್ ಅನ್ನಿ’ ಎಂಬುದು ಅವರ ಪಾಠ. ಬಸ್ಸಿಗೆ ‘ಆನ್’, ಕಾರಿಗೆ ‘ಇನ್’ ಏಕೆಂದು ಅವರು ಹೇಳಿದ್ದನ್ನು ಕೇಳಿದವರು ಮರೆಯುವುದಿಲ್ಲ: ಬಸ್ಸಿನಲ್ಲಿ ನಿಲ್ಲಬಹುದು, ನಡೆದಾಡಬಹುದು, ಅದಕ್ಕೆ ‘ಆನ್’, ಕಾರಿಗಾದರೆ ಬಗ್ಗಿ ನುಗ್ಗಿ ಕೂರಬೇಕು, ಅದಕ್ಕೆ ‘ಇನ್’. ‘ಹಾಗಾದರೆ ಡ್ರೈವರ್ ಪಕ್ಕ ಒಂದು ಕಾಲು ಹೊರಗೆ ಹಾಕಿಕೊಂಡು ಆಟೋದಲ್ಲಿ ಕೂತರೆ?’ ಎಂದು ಈ ಲೇಖಕ ಕೇಳಿದ್ದ. ಮೇಷ್ಟ್ರು ಎರಡು ದಿನ ತೆಗೆದುಕೊಂಡರು. ಮೂರನೆಯ ದಿನ ವಾಕಿಂಗಿನಲ್ಲಿ ಸಿಕ್ಕಿ, ‘ಹಾಗೆ ಕೂರೋದು ಕಾನೂನಿಗೆ ವಿರುದ್ಧ’ ಎಂದು ತೀರ್ಪು ಕೊಟ್ಟರು.

ಇನ್ನು ಮದುವೆ ಕಾರ್ಡಿನ ವಿಷಯ.

ಲೇಖಕನ ಅಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು. ನೆಂಟರಿಷ್ಟರಿಗೆ ಕನ್ನಡ ಕಾರ್ಡು, ಹುಡುಗಿಯ ಆಫೀಸಿನವರಿಗೆ ಇನ್ನೂರು ಇಂಗ್ಲಿಷ್ ಕಾರ್ಡು. ಇಂಗ್ಲಿಷ್ ಒಕ್ಕಣೆ ಬರೆದ ಮಹಾನುಭಾವ ಈ ಲೇಖಕನೇ. ‘ಗೆಟ್ಟಿಂಗ್ ಮ್ಯಾರೀಡ್ ವಿತ್’ ಎಂದು ಧೈರ್ಯವಾಗಿ ಬರೆದಿದ್ದ. ಸುಲ್ತಾನ್‌ಪೇಟೆಯ ಅಂಗಡಿಯಿಂದ ಪ್ರೂಫ್ ಬಂತು. ‘ಒಂದು ಸಲ ಮೇಷ್ಟ್ರಿಗೆ ತೋರಿಸೋಣ’ ಎಂದ ಅಣ್ಣ. ಆಮೇಲಿನದೆಲ್ಲ ಆ ಒಂದು ಮಾತಿನ ಫಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದಿದರು. ‘ಯಾರ್ರೀ ಬರೆದಿದ್ದು?’ ಎಂದರು. ಯಾರೂ ಉತ್ತರಿಸಲಿಲ್ಲ. ‘ವಿತ್ ಅಲ್ಲ ರೀ, ಟು!’ ಎಂದು ತಿದ್ದಿದರು.

ತಿದ್ದಿದ ಪ್ರೂಫು ವಾಟ್ಸಾಪಿನಲ್ಲಿ ಬೀಗರಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಹುಡುಗನ ತಂದೆಯ ಫೋನು. ‘ಇದೇನು, ಪಾರ್ಸೆಲ್ ಮೇಲೆ ವಿಳಾಸ ಬರೆದ ಹಾಗಿದೆಯಲ್ಲ? ಹುಡುಗಿ ಮನೆಯವರು ಫ್ರಮ್, ನಮ್ಮ ಹುಡುಗ ಟು.’ ಹಿಂದಿನಿಂದ ಬೀಗಿತ್ತಿಯ ದನಿ: ‘ಮೊದಲು ವಿತ್ ಇತ್ತಂತಲ್ಲ, ಅದೇ ಇರಲಿ. ವಿತ್ ಅಂದ್ರೆ ಜೊತೆ. ಬಾಳೋದು ಜೊತೆಗೆ ತಾನೆ?’ ನಿಜ ಹೇಳಬೇಕೆಂದರೆ ಇದಕ್ಕೆ ಉತ್ತರವಿಲ್ಲ. ನಮ್ಮ ಹಳೆಯ ಲಗ್ನಪತ್ರಿಕೆಗಳಲ್ಲಿ ಹುಡುಗಿಯನ್ನು ಹುಡುಗನಿಗೆ ‘ಕೊಟ್ಟು’ ಮದುವೆ ಮಾಡುತ್ತಿದ್ದರು. ಅದು ‘ಟು’. ಈಗಿನವು ‘ಅವರೊಂದಿಗೆ’ ಎನ್ನುತ್ತವೆ. ಅದು ‘ವಿತ್’. ಕನ್ನಡ ತಾನಾಗಿಯೇ ಕಾಲಕ್ಕೆ ತಕ್ಕಂತೆ ವಿಭಕ್ತಿ ಬದಲಿಸಿಕೊಂಡಿದೆ. ಬೆಟ್ಟವನ್ನು ಹತ್ತಿದರೂ ಬೆಟ್ಟಕ್ಕೆ ಹತ್ತಿದರೂ ನಮ್ಮ ವೈಯಾಕರಣರು ಬೈಯುವುದಿಲ್ಲ. ‘ವಿಭಕ್ತಿ ಪಲ್ಲಟ’ ಎಂದು ಹೆಸರಿಟ್ಟು ಒಳಗೆ ಕರೆದುಕೊಳ್ಳುತ್ತಾರೆ.

ಮೇಷ್ಟ್ರು ಬಗ್ಗಲಿಲ್ಲ. ಬೀಗರೂ ಬಗ್ಗಲಿಲ್ಲ. ಮೂರು ದಿನ ಪ್ರೂಫು ಹನುಮಂತನಗರಕ್ಕೂ ಸುಲ್ತಾನ್‌ಪೇಟೆಗೂ ಓಡಾಡಿತು. ಕೊನೆಗೆ ಅಂಗಡಿಯ ಹುಡುಗನೇ ಬೇಸತ್ತು, ‘ಸಾರ್, ವೆಡ್ಸ್ ಅಂತ ಹಾಕ್ಬಿಡ್ಲಾ? ನಡುವೆ ಏನೂ ಬೇಕಾಗಲ್ಲ’ ಎಂದ. ಮೇಷ್ಟ್ರಿಗೆ ತಪ್ಪು ಹುಡುಕಲು ಆಗಲಿಲ್ಲ. ‘ವೆಡ್’ ಎಂಬ ಕ್ರಿಯಾಪದಕ್ಕೆ ಪ್ರಿಪೊಸಿಷನ್ನಿನ ಹಂಗಿಲ್ಲ. ‘ಅದು ಹೆಡ್‌ಲೈನಿನ ಭಾಷೆ’ ಎಂದು ಗೊಣಗಿದರು, ಅಷ್ಟೆ. ಚಿನ್ನದ ಬಣ್ಣದಲ್ಲಿ, ಗಣಪತಿಯ ಕೆಳಗೆ, ‘ವೆಡ್ಸ್’ ಅಚ್ಚಾಯಿತು. ಮೇಷ್ಟ್ರು ಮದುವೆಗೆ ಬಂದು ಎರಡು ಹೋಳಿಗೆ ತಿಂದು, ಛತ್ರದ ಬಾಗಿಲಿನ ಹೂವಿನ ಬೋರ್ಡಿನ ಕಡೆ ನೋಡದೆ ಹೊರಟರು.

ಅವರ ಮಗ ಇರುವುದು ನ್ಯೂಜೆರ್ಸಿಯಲ್ಲಿ. ಭಾನುವಾರ ಬೆಳಗ್ಗೆ ಮೊಮ್ಮಗಳ ವಿಡಿಯೊ ಕಾಲ್ ಬರುತ್ತದೆ. ಒಮ್ಮೆ ಲೇಖಕ ಅಲ್ಲೇ ಕೂತಿದ್ದಾಗ, ಮೇಷ್ಟ್ರು ಅವಳನ್ನು ‘ಅಟ್ ದ ವೀಕೆಂಡ್’ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗು ನಕ್ಕು, ‘ತಾತಾ, ಇಟ್ಸ್ ಆನ್ ದ ವೀಕೆಂಡ್’ ಎಂದಿತು. ಮೇಷ್ಟ್ರದು ಬ್ರಿಟಿಷರ ರೂಢಿ, ಮಗುವಿನದು ಅಮೆರಿಕದವರದು, ಇಬ್ಬರೂ ಸರಿ. ಮಗು ‘ಡಿಫರೆಂಟ್ ದ್ಯಾನ್’ ಎಂದಾಗಲೂ ಅವರು ತಿದ್ದಲಿಲ್ಲ. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಕಾಲ್ ಮುಗಿದ ಮೇಲೆ ಹೇಳಿದರು: ‘ನಮ್ಮೂರಲ್ಲಿ ಇಂಗ್ಲಿಷ್ ಮಾತಾಡೋರು ಒಬ್ಬರೂ ಇರಲಿಲ್ಲ. ಯಾವ ಪದಕ್ಕೆ ಯಾವುದು ಅಂತ ಪಟ್ಟಿ ಬರಕೊಂಡು, ದನ ಮೇಯಿಸ್ತಾ ಬಾಯಿಪಾಠ ಮಾಡ್ತಿದ್ದೆ. ಒಂದು ತಪ್ಪಿದ್ರೆ ಕೆಲಸ ಸಿಗೋಲ್ಲ ಅಂತ ಹೆದರಿಸಿದ್ರು.’ ಹಾಗೆ ಹೊಟ್ಟೆಪಾಡಿಗಾಗಿ ಕಲಿತದ್ದನ್ನು ಯಾರೋ ‘ಯಾವುದಾದರೂ ನಡೆಯುತ್ತದೆ’ ಎಂದರೆ ಒಪ್ಪುವುದು ಕಷ್ಟ. ಲೇಖಕನಿಗೆ ಅಂದು ಅವರ ಮೇಲೆ ಕೋಪ ಬರಲಿಲ್ಲ. ಮೇಲೆ, ಅಂದರೆ ವಿತ್.

ಆದರೂ ಸೋತದ್ದು ಒಳಗೆ ಕೊರೆಯುತ್ತಲೇ ಇತ್ತು. ಮದುವೆಯಾಗಿ ಎರಡು ವರ್ಷದ ಮೇಲೆ ಲೇಖಕನಿಗೆ ಒಂದು ಅಸ್ತ್ರ ಸಿಕ್ಕಿತು. ಇಂಗ್ಲೆಂಡಿನಲ್ಲಿ ಸತ್ತ ಹೆಂಡತಿಯ ಅಕ್ಕತಂಗಿಯರನ್ನು ಮದುವೆಯಾಗಲು ಕಾನೂನಿನ ಅಡ್ಡಿಯಿತ್ತು. ಅದನ್ನು ತೆಗೆಯಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ದಶಕಗಟ್ಟಲೆ ವಾದ ನಡೆದು, 1907ರಲ್ಲಿ ಕಾಯ್ದೆಯಾಯಿತು. ಆ ವಾದದುದ್ದಕ್ಕೂ ಇಂಗ್ಲಿಷರು ಬಳಸಿದ್ದು ‘ಮ್ಯಾರೇಜ್ ವಿತ್’! ‘ಮ್ಯಾರೀಡ್’ ಬೇರೆ, ‘ಮ್ಯಾರೇಜ್’ ಬೇರೆ ಎಂಬ ಸೂಕ್ಷ್ಮವನ್ನು ಮನಸ್ಸಿನ ಮೂಲೆಗೆ ತಳ್ಳಿ, ಚೀಟಿಯಲ್ಲಿ ಬರೆದುಕೊಂಡು ಓಡಿದ.

ಮೇಷ್ಟ್ರು ಎರಡು ಸಲ ಓದಿದರು. ಚೀಟಿ ಮಡಿಸಿ ವಾಪಸ್ಸು ಕೊಟ್ಟರು.

‘ಆ ರಿಯಾಯಿತಿ ಸತ್ತ ಹೆಂಡತಿಯ ತಂಗಿಗೆ ರೀ. ನಿಮ್ಮ ಅಣ್ಣನ ಮಗಳಿಗೆ ಟು.’

ಆ ಹುಡುಗಿಗೆ ಈಗ ಒಬ್ಬ ಮಗ. ಅವನ ನಾಮಕರಣದ ಕಾರ್ಡು ಪೂರ್ತಿ ಕನ್ನಡದಲ್ಲೇ ಅಚ್ಚಾಯಿತು.